ಎಷ್ಟು ಬಿಸಿಲಿಗೆ ಎಷ್ಟು ಕರೆಂಟು

"ಕಟೀಲು ಅಮ್ಮನ ಆಣೆ, ಒಂದಕ್ಷರ ಸುಳ್ಳಿಲ್ಲ," ಎಂದು ತಿರುಮಲೇಶ ಅಕ್ಕನ ಎದುರು ಸ್ಟೂಲು ಎಳೆದು ಕೂತ. "ಒಮಾನಿನ ನಮ್ಮ ಸೋಲಾರ್ ಪ್ಲಾಂಟಿನಲ್ಲಿ ಒಂದು ಒಂಟೆ ಫೋರ್‌ಮನ್ ಆಗಿತ್ತು."

ವೈದೇಹಿ ಲಂಡನ್ನಿನ ಹೌನ್ಸ್ಲೋದಲ್ಲಿದ್ದ ಅವನ ಫ್ಲಾಟಿನ ಕಿಟಕಿಯಾಚೆ ನೋಡುತ್ತಲೇ ಇದ್ದಳು. ಮೊಣಕಾಲಿನ ಆಪರೇಷನ್ ಆಗಿ ಐದು ವಾರ. ಮೊದಲ ದಿನ ಎದ್ದು ನಿಂತಾಗ ಬಿದ್ದವಳು, ಆಮೇಲೆ ಯಾರಾದರೂ ಎರಡೂ ಕೈ ಹಿಡಿಯದೆ ಕುರ್ಚಿ ಬಿಟ್ಟಿರಲಿಲ್ಲ. ಹೀಗೇ ಕೂತರೆ ಕಾಲು ಸೆಟೆದುಕೊಂಡು ಮುಂದೆ ಮಡಚಲಿಕ್ಕೇ ಬರುವುದಿಲ್ಲ ಎಂದು ಫಿಸಿಯೋ ಬೆಳಿಗ್ಗೆ ಹೇಳಿ ಹೋಗಿದ್ದಳು. ಆದರಾಗಲಿ ಬಿಡು ಎಂದಿದ್ದಳು ವೈದೇಹಿ. ಅಕ್ಸ್‌ಬ್ರಿಡ್ಜಿನ ಶಾಲೆಯಲ್ಲಿ ಇಪ್ಪತ್ತೆರಡು ವರ್ಷ ಫಿಸಿಕ್ಸ್ ಪಾಠ ಮಾಡಿ, ಯಾರು ತಪ್ಪು ಹೇಳಿದರೂ ಊಟ ಬಿಟ್ಟು ತಿದ್ದುತ್ತಿದ್ದವಳು ಈಗ ಯಾವುದಕ್ಕೂ ಹೂಂ ಅನ್ನುತ್ತಿದ್ದಳು.

"ಒಂಟೆ ಎಂತ ಮಾಡ್ತಿತ್ತು?" ಎಂದಳು, ಕೇಳಬೇಕಲ್ಲ ಎಂದು.

"ಬಾಲದಲ್ಲಿ ಪ್ಯಾನಲ್ ಒರೆಸ್ತಿತ್ತು. ಒಂದು ಮರಳುಗಾಳಿ ಬೀಸಿದ್ರೆ ಅರ್ಧ ಕರೆಂಟ್ ಹೋಯ್ತು. ತೊಳೀಲಿಕ್ಕೆ ನೀರೆಲ್ಲುಂಟು ಅಲ್ಲಿ?"

"ಒಂಟೆಯ ಬಾಲ ಗಿಡ್ಡ."

"ಇದರದ್ದು ಉದ್ದ ಇತ್ತು. ಅದಕ್ಕೇ ಪ್ರಮೋಷನ್."

ಹೀಥ್ರೋಗೆ ಇಳಿಯುವ ವಿಮಾನವೊಂದು ತಲೆಯ ಮೇಲೆ ಹಾದು ಹೋಯಿತು. ಅದರ ಸದ್ದು ಅಡಗುವ ತನಕ ಅವನು ಕಾದ.

"ಬೇಸಿಗೆಯಲ್ಲಿ ಅಲ್ಲಿಯ ಕರೆಂಟೆಲ್ಲ ಎಸಿಗೇ. ನಮ್ಮವರು ರಜೆಗೆ ಊರಿಗೆ ಹೋಗುವಾಗ್ಲೂ ಆಫ್ ಮಾಡುದಿಲ್ಲ."

"ನೀನೂ ಮಾಡ್ತಿರ್ಲಿಲ್ಲ."

"ಮತ್ತೆ? ಉಪ್ಪಿನಕಾಯಿಗೆ ಸೆಕೆ ಆಗುದಿಲ್ವಾ?" ತಿರುಮಲೇಶ ಅಕ್ಕನ ಮುಖ ನೋಡಿದ. ಅವಳು ನಗಲಿಲ್ಲ. "ಆದ್ರೆ ಎಷ್ಟು ಎಸಿ ಹಾಕಿದ್ರೂ ನಮ್ಮ ಪ್ಲಾಂಟಿಗೆ ಲೆಕ್ಕ ಇಲ್ಲ ಅಕ್ಕ. ಜೂನಲ್ಲಿ ಐವತ್ತು ಡಿಗ್ರಿ. ಬಿಸಿ ಏರಿದ ಹಾಗೆ ಪ್ಯಾನಲಿನಿಂದ ಕರೆಂಟ್ ಉಕ್ಕುದು."

ವೈದೇಹಿ ಕಿಟಕಿಯಿಂದ ಮುಖ ತಿರುಗಿಸಿದಳು. "ಎಂತ ಹೇಳಿದಿ?"

"ಬಿಸಿ ಹೆಚ್ಚಾದ್ರೆ ಕರೆಂಟ್ ಹೆಚ್ಚು."

"ಬೇಕಾದ್ದು ಬೆಳಕು ಮಾರಾಯ, ಬಿಸಿ ಅಲ್ಲ. ಪ್ಯಾನಲ್ ಕಾದ್ರೆ ಕರೆಂಟ್ ಕಡಿಮೆ ಆಗ್ತದೆ. ಹದಿನೆಂಟು ವರ್ಷ ಅಲ್ಲಿ ಎಂತ ಮಾಡಿದ್ದು ನೀನು?"

"ಕಡಿಮೆ ಆಗುದು ಲಂಡನ್ನಿನಲ್ಲಿ. ಅರಬ್ಬರ ಬಿಸಿಲೇ ಬೇರೆ."

"ಬಿಸಿಲಿಗೆ ಪಾಸ್‌ಪೋರ್ಟ್ ಉಂಟಾ?" ವೈದೇಹಿಯ ಕಿವಿ ಕೆಂಪಾಯಿತು. "ಒಮಾನಿನಿಂದ ಮೊರಾಕೊ ತನಕ ಅಷ್ಟು ಬಿಸಿಲು ಬಿದ್ದುಕೊಂಡುಂಟು. ಎಷ್ಟು ದೇಶಕ್ಕೆ ದೀಪ ಹಚ್ಬಹುದು. ನಿನ್ನಂಥವರ ಕೈಯಲ್ಲಿ ಕೊಟ್ರೆ ಮುಗೀತು."

ಪ್ಯಾನಲಿನ ಹಿಂದೆ ಅಂಟಿಸಿದ ಚೀಟಿಯಲ್ಲಿ ಒಂದೊಂದು ಡಿಗ್ರಿಗೆ ಎಷ್ಟು ಕರೆಂಟು ಕಮ್ಮಿ ಎಂದು ಬರೆದಿರುತ್ತದೆ. ತಿರುಮಲೇಶನಿಗೆ ಅದು ಬಾಯಿಪಾಠ.

"ಅದಕ್ಕೇ ಅಲ್ವಾ ನಾವು ಪ್ಯಾನಲಿನ ಅಡಿಯಲ್ಲಿ ಬೆಂಕಿ ಹಾಕ್ತಿದ್ದದ್ದು," ಎಂದ ಗಂಭೀರವಾಗಿ. "ಸೌದೆ ತರುದು ಒಂಟೆ. ಒಂದು ದಿನ ಎಂತಾಯ್ತು ಅಂದ್ರೆ, ಅದು ಸೀದಾ ನನ್ನ ಹತ್ರ ಬಂದು..."

"ನಿನ್ನ ಹತ್ರ ಯಾರು ಮಾತಾಡ್ತಾರೆ," ಎಂದು ವೈದೇಹಿ ಕುರ್ಚಿಯ ಕೈ ಒತ್ತಿ ಎದ್ದಳು. ಗೋಡೆ ಹಿಡಿದು, ಗೊಣಗುತ್ತ, ಅಡುಗೆಮನೆಗೆ ನಡೆದಳು. ಒಳಗೆ ನಲ್ಲಿಯಿಂದ ಕೆಟಲಿಗೆ ನೀರು ಬಿದ್ದ ಸದ್ದಾಯಿತು.

ತಿರುಮಲೇಶ ತೆರೆದ ಬಾಯಿ ಮುಚ್ಚಲಿಲ್ಲ, ಮಾತೂ ಆಡಲಿಲ್ಲ. ಒಂದು ಮಾತು ಆಡಿದರೂ, ಯಾರ ಕೈಯೂ ಹಿಡಿಯದೆ ಎದ್ದು ನಡೆದದ್ದು ಅವಳಿಗೇ ಗೊತ್ತಾಗಿಬಿಡಬಹುದಿತ್ತು.