ಕೆಂಪಿಗೆ ಫ್ರೆಂಚ್ ಪಾಠ

ಕೆಂಪಿ ಹಸು ಒದ್ದ ರಭಸಕ್ಕೆ ಬಕೆಟ್ಟು ಒಂದು ಕಡೆ, ಶಿವಶಂಕರ್ ಒಂದು ಕಡೆ ಬಿದ್ದ. ಮೀಸೆ ಹೊತ್ತ ಗಂಡಸು, ಮೈಮೇಲೆ ತೀರಿಹೋದ ತಾಯಿ ಜಯಲಕ್ಷ್ಮಮ್ಮನ ಹಳೇ ಸೀರೆ, ತಲೆಯ ಮೇಲೆ ಸೆರಗು. ಬೇರೆ ದಿನವಾಗಿದ್ದರೆ ಮಗಳು ತನುಶ್ರೀ ಬಿದ್ದುಬಿದ್ದು ನಗುತ್ತಿದ್ದಳು. ಕರೆಯುವ ಕೈ ಬದಲಾದರೆ ಹಳಬರ ಸೀರೆ ಹೊದ್ದು ಕೂರಬೇಕು, ವಾಸನೆಗೆ ಹಸು ಮೋಸಹೋಗಿ ಹಾಲಿಳಿಸುತ್ತದೆ ಅನ್ನುವುದು ಊರಿನ ಹಳೇ ಉಪಾಯ. ಕೆಂಪಿ ಮಾತ್ರ ಅದಕ್ಕೆ ಸೊಪ್ಪು ಹಾಕಲಿಲ್ಲ. ಅದರ ಕರು ಹುಟ್ಟಿದ ವಾರಕ್ಕೇ ಸತ್ತಿತ್ತು. ಅಲ್ಲಿಂದಾಚೆಗೆ ಅದು ನಂಬಿದ್ದು ಮುದುಕಿಯ ಕೈಯೊಂದನ್ನೇ. ಈಗ ಮುದುಕಿಯ ತಿಥಿಯೂ ಮುಗಿದು, ಕೆಚ್ಚಲು ಬಿಗಿದು ಕಲ್ಲಾಗುತ್ತಿತ್ತು.

"ನಾಳೆ ಸಂತೆಬಾಚಹಳ್ಳಿ ಸಂತೆಗೆ ಒಡ್ಕೊಂಡೋಗಿ ಕೊಟ್ಬುಡ್ತೀನಿ," ಎಂದ ಶಿವಶಂಕರ್, ಮಂಡಿಯ ಸಗಣಿ ಒರೆಸಿಕೊಳ್ಳುತ್ತ. "ಕೆಚ್ಲು ಕೆಟ್ಮೇಲೆ ಯಾರೂ ಮೂಸ್ನೋಡಾಕಿಲ್ಲ."

ಗೋದಲಿಯ ಕಟ್ಟೆಯ ಮೇಲೆ ಕೂತು ಪರೀಕ್ಷೆಯ ಪಾಠ ಗುನುಗುತ್ತಿದ್ದ ತನುಶ್ರೀಯ ಬಾಯಿ ನಿಂತುಹೋಯಿತು. ಮೈಸೂರಿನ ಕಾಲೇಜಿನಲ್ಲಿ ಅವಳು ಫ್ರೆಂಚ್ ತೆಗೆದುಕೊಂಡಾಗ ಮನೆಯಲ್ಲಿ ಎಲ್ಲರೂ ಹುಬ್ಬೇರಿಸಿದ್ದರು, ಅಜ್ಜಿಯೊಬ್ಬಳನ್ನು ಬಿಟ್ಟು. ಪಾಂಡವಪುರವನ್ನು ಕೊನೆಯವರೆಗೂ ಅದರ ಹಳೇ ಹೆಸರಿನಲ್ಲಿ ಫ್ರೆಂಚ್‌ರಾಕ್ಸ್ ಎಂದೇ ಕರೆಯುತ್ತಿದ್ದ ಅಜ್ಜಿ, ಫ್ರೆಂಚ್‌ರಾಕ್ಸಿನ ಹುಡುಗಿ ಫ್ರೆಂಚ್ ಕಲಿಯದೆ ಇನ್ನೇನು ಮಂಡ್ಯದವರು ಕಲಿಯುತ್ತಾರಾ ಎಂದು ಎಲ್ಲರ ಬಾಯಿ ಮುಚ್ಚಿಸಿದ್ದಳು. ಕೆಂಪಿಯೂ ಹೋಗಿಬಿಟ್ಟರೆ ಆ ಅಜ್ಜಿ ಇನ್ನೊಂದು ಸಲ ಹೋದಂತೆ ಅನ್ನಿಸಿತು ತನುಶ್ರೀಗೆ. ತಾನೊಮ್ಮೆ ಕೂತು ನೋಡುತ್ತೇನೆಂದಳು.

"ಒದೀತದೆ ಕಣವ್ವ. ನಾಳಿದ್ದು ಪರೀಕ್ಸೆ ಮಡಿಕ್ಕೊಂಡು ಕೈ ಮುರ್ಕೊಂಡೀಯ."

ಅವಳು ಕೇಳಲಿಲ್ಲ. ಅಪ್ಪನಿಗೆ ಸೀರೆ ತೆಗೆದು ಒಳಗಿಟ್ಟು ಬರಲು ಹೇಳಿದಳು. ಆ ವಾಸನೆಗೆ ಅಜ್ಜಿ ಇಲ್ಲೇ ಎಲ್ಲೋ ಇದ್ದಾಳೆ, ಇನ್ನೇನು ಬರುತ್ತಾಳೆ ಎಂದುಕೊಂಡು ಹಸು ಹಾಲು ಕಟ್ಟಿಕೊಂಡು ಕಾಯುತ್ತಿರಬಹುದು ಅಂತ ಅವಳಿಗೆ ಅನ್ನಿಸಿತ್ತು.

ಮೊಲೆಗೆ ಕೈ ಹಾಕಿ ಕೂತಮೇಲೆ ಏನು ಹೇಳುವುದೆಂದು ತಿಳಿಯಲಿಲ್ಲ. ಕರೆಯುವಾಗ ಅಜ್ಜಿ ಮಾತಾಡುತ್ತಿದ್ದಳು. ಮನೆಯಲ್ಲಿ ಯಾರ ಮುಂದೆಯೂ ಮನಸ್ಸು ಬಿಚ್ಚದವಳು ಹಸುವಿನ ಹೊಟ್ಟೆಯ ಬದಿಗೆ ಬಾಯಿಟ್ಟು ಏನೇನೋ ಒಪ್ಪಿಸುತ್ತಿದ್ದಳು, ಅದು ಇನ್ನೊಬ್ಬರ ಕಿವಿಗೆ ಬಿದ್ದದ್ದಿಲ್ಲ. ತನುಶ್ರೀಯ ನಾಲಿಗೆಯ ಮೇಲೆ ಬೆಳಗಿನಿಂದ ಇದ್ದದ್ದು ಒಂದೇ. ಅದನ್ನೇ ಶುರುಮಾಡಿದಳು.

"ಜ ಫ್ಯೂ, ತ್ಯು ಫ್ಯೂ, ಇಲ್ ಫ್ಯೂ. ನೂ ಫ್ಯೂಮ್, ವೂ ಫ್ಯೂತ್, ಇಲ್ ಫ್ಯೂರ್."

ನಾನಿದ್ದೆ, ನೀನಿದ್ದೆ, ಅವನಿದ್ದ: ಮುಗಿದುಹೋದ ಸಂಗತಿಗಳಿಗೆ ಮಾತ್ರ ಸಲ್ಲುವ ಫ್ರೆಂಚಿನ ಭೂತಕಾಲ ಅದು. ಈಗ ಅದನ್ನು ಯಾರೂ ಬಾಯಲ್ಲಿ ಆಡುವುದಿಲ್ಲವಂತೆ, ಕತೆ ಪುಸ್ತಕಗಳಲ್ಲಷ್ಟೇ ಉಳಿದಿದೆಯಂತೆ. ಆಡದ ಮಾತನ್ನು ಯಾಕೆ ಉರು ಹೊಡೆಯಬೇಕು ಎಂದು ತರಗತಿಯಲ್ಲಿ ಗೊಣಗಿದವರಲ್ಲಿ ತನುಶ್ರೀಯೇ ಮೊದಲಿಗಳು. ಈಗ ಅದು ಅವಳ ಬಾಯಲ್ಲಿ ಜೋಗುಳದ ಹಾಗೆ ತೂಗುತ್ತಿತ್ತು. ನಾಲೆಯ ಕಡೆಯಿಂದ ಮಂಜು ಕೊಟ್ಟಿಗೆಯೊಳಕ್ಕೇ ಬಂದಿತ್ತು, ಅದರ ಜೊತೆಗೆ ಆಲೆಮನೆಯ ಬೆಲ್ಲದ ಪಾಕದ ವಾಸನೆ. ಸೀರೆ ಒಳಗಿಟ್ಟು ಬಂದು ಎದುರಿಗೆ ಕೂತಿದ್ದ ಅಪ್ಪ ಕಾಣಿಸುತ್ತಿರಲಿಲ್ಲ. ಇದು ಯಾವ ಊರು, ಇದು ನಡೆಯುತ್ತಿರುವುದೋ ಎಂದೋ ನಡೆದುಹೋದದ್ದೋ ಎಂದು ಅವಳಿಗೇ ಅನುಮಾನ ಬರುವಂತಿತ್ತು. ಕೆಂಪಿ ಕಿವಿಯನ್ನು ಇತ್ತ ತಿರುಗಿಸಿತು. ಕಾಲು ಎತ್ತಲಿಲ್ಲ. ಆದರೆ ಹಾಲೂ ಬರಲಿಲ್ಲ.

ಕಲಿತ ಸಾಲುಗಳೆಲ್ಲ ಮುಗಿದವು. ಆಮೇಲೆ ಅವಳು ನಾನು, ನೀನು, ಅವನು ಎಲ್ಲವನ್ನೂ ಬಿಟ್ಟು ಬರೀ 'ಅವಳು' ಒಬ್ಬಳನ್ನೇ ಹಿಡಿದಳು. "ಎಲ್ ವ್ಯಾಂ," ಅವಳು ಬಂದಳು. "ಎಲ್ ಸಾಸಿ," ಅವಳು ಕೂತಳು. "ಎಲ್ ಪಾರ್ಲಾ," ಅವಳು ಮಾತಾಡಿದಳು. "ಎಲ್ ಸಾಂದೋರ್ಮಿ," ಅವಳು ನಿದ್ದೆ ಹೋದಳು.

"ಎಲ್ ಮೂರ್ಯು."

ಮೈಸೂರಿನಿಂದ ಬಸ್ಸಿಳಿದು ಬಂದ ದಿನ ಬಾಗಿಲ ಮುಂದೆ ಅಷ್ಟು ಚಪ್ಪಲಿಗಳನ್ನು ಕಂಡೇ ಅವಳು ಅರ್ಥ ಮಾಡಿಕೊಂಡಿದ್ದಳು. ಯಾರೂ ಬಿಡಿಸಿ ಹೇಳಿರಲಿಲ್ಲ. ಆಮೇಲೆ ಬಂದವರೆಲ್ಲ ಹಿಂಗಾಗೋಯ್ತಲ್ಲ, ದೊಡ್ಡ ಜೀವ ಹೋಗ್ಬುಡ್ತಲ್ಲ ಎಂದರು. ಅವರೆಲ್ಲ ಆಡದೆ ಬಿಟ್ಟ ಆ ಒಂದು ಮಾತನ್ನು ಅವಳೂ ತನ್ನ ಭಾಷೆಯಲ್ಲಿ ಒಮ್ಮೆಯೂ ಆಡಿರಲಿಲ್ಲ. ಈಗ ಬೇರೆ ಭಾಷೆಯಲ್ಲಿ ಅದು ತಾನಾಗಿ ಬಾಯಿಂದ ಜಾರಿತು. ತನುಶ್ರೀ ಹಸುವಿನ ಹೊಟ್ಟೆಗೆ ಹಣೆ ಒತ್ತಿ ಬಿಕ್ಕಿಬಿಕ್ಕಿ ಅತ್ತಳು. ಅವಳ ಬೆರಳುಗಳ ನಡುವೆ ಮೊಲೆ ಬೆಚ್ಚಗಾಯಿತು, ತುಂಬಿಕೊಂಡಿತು. ಬಕೆಟ್ಟಿನ ತಳದಲ್ಲಿ ಹಾಲು ಸೊರ್ ಎಂದಿತು.

ಶಿವಶಂಕರ್ ಮಂಜಿನಿಂದ ಎದ್ದು ಬಂದು ಮಗಳ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ. ನೊರೆ ಏರುವುದನ್ನು ಸ್ವಲ್ಪ ಹೊತ್ತು ನೋಡಿದ.

"ಕೊನೇಗೆ ಅದೇನಂದೆ ಅದ್ಕೆ?"

ತನುಶ್ರೀ ಕೈ ನಿಲ್ಲಿಸಲಿಲ್ಲ. "ಅಜ್ಜಿ ಸತ್ತೋದ್ಲು ಅಂದೆ ಅಪ್ಪ. ಅದಕ್ಕೆ ಯಾರೂ ಹೇಳೇ ಇರ್ಲಿಲ್ಲ."

ಶಿವಶಂಕರ್ ಬಕೆಟ್ಟನ್ನು ಒಂದು ಕೈಯಲ್ಲಿ ಆನಿಸಿ ಹಿಡಿದ. ತಾಯಿ ಹೋದ ದಿನ ಅವನನ್ನು ಕಬ್ಬಿನ ಗದ್ದೆಯಿಂದ ಯಾರೋ ಬೈಕಿನಲ್ಲಿ ಹತ್ತಿಸಿಕೊಂಡು ಬಂದು ಮನೆ ಮುಂದೆ ಇಳಿಸಿದ್ದರು. ಇಳಿದವನು ನೇರ ಹೋಗಿ ಚಪ್ಪರಕ್ಕೆ ಗಳ ಹುಗಿಯತೊಡಗಿದ್ದ, ಬಂದವರಿಗೆ ಕುರ್ಚಿ ಹಾಕಿಸಿದ್ದ. ತಿಥಿ ಮುಗಿಯುವವರೆಗೂ ಅವನ ಕಣ್ಣಲ್ಲಿ ಒಂದು ಹನಿ ನೀರು ಕಂಡವರಿಲ್ಲ.

"ನಂಗೂ ಯಾರೂ ಬಾಯ್ಬುಟ್ಟು ಯೋಳಿರ್ನಿಲ್ಲ ಕಣವ್ವ," ಎಂದ. "ಇನ್ನೊಂದ್ಸಲ ಯೋಳು."