ಎಲೆಯ ತುದಿಯ ಉಪ್ಪು

ಎಲೆಯ ತುದಿಗೆ ಬಡಿಸಿದ ಉಪ್ಪನ್ನು ಸಂಜೀವಯ್ಯ ಮೊದಲು ನಾಲಿಗೆಗೆ ತಾಗಿಸಿಕೊಂಡ. ಮರಳನ್ನು ತಾಗಿಸಿಕೊಂಡಂತಾಯಿತು. ಸಾವಿರದ ಒಂಬೈನೂರ ಎಪ್ಪತ್ತೆಂಟರ ಆಷಾಢದಲ್ಲಿ ಬಂದ ವಿಷಮಜ್ವರ ಪ್ರಾಣವನ್ನು ಉಳಿಸಿ ರುಚಿಯನ್ನೂ ವಾಸನೆಯನ್ನೂ ಒಯ್ದಿತ್ತು. ಕಾರ್ತಿಕ ಬಂದರೂ ಅವು ಹಿಂದಿರುಗಿರಲಿಲ್ಲ. ಸೌಟು ಬಿಟ್ಟರೆ ಬೇರೆ ಕಸುಬನ್ನರಿಯದ ಅವನು ಅದನ್ನು ಯಾರಿಗೂ ಹೇಳಿರಲಿಲ್ಲ.

ಮಧುಗಿರಿ ಬಸ್ ನಿಲ್ದಾಣದ ಬಳಿ ಎದುರುಬದುರಾಗಿ ಎರಡು ಹೋಟೆಲು. ಎರಡರಲ್ಲೂ ಬೇಡಿದಷ್ಟು ಬಡಿಸುವ ಫುಲ್ ಮೀಲ್ಸ್. ಸಂಜೀವಯ್ಯ ಹಳೆಯದರ ಅಡಿಗೆಯವನು. ಅಲ್ಲಿನ ಪಂಕ್ತಿ ಬರಿದಾಗಿ ಹೊಸದರ ಬಾಗಿಲಲ್ಲಿ ಜನ ಕಾದು ನಿಲ್ಲತೊಡಗಿದಾಗ, ಉಪ್ಪು ಬಿಟ್ಟು ಪಥ್ಯದಲ್ಲಿದ್ದ ಒಡೆಯ ಶಂಕರಲಿಂಗಪ್ಪ, "ನೀವೇ ಹೋಗಿ ಉಂಡು ಬನ್ನಿ. ಅವರ ಸಾರಿನಲ್ಲಿ ಏನು ಹೆಚ್ಚೆಂದು ನಿಮ್ಮ ನಾಲಿಗೆಯೇ ಹೇಳಬೇಕು" ಎಂದು ಕಳುಹಿಸಿದ್ದ.

ಸಾರು ಬಂತು. ಬಿಸಿಯಷ್ಟೇ ತಿಳಿಯಿತು. ಪಕ್ಕದ ಎಲೆಯಲ್ಲಿ ಪುರವರದ ಕಡೆಯ ಕುರಿಗಾಹಿಯೊಬ್ಬ ಮತ್ತೆ ಅನ್ನ ಹಾಕಿಸಿಕೊಂಡು ಗುಳಿ ತೋಡುತ್ತಿದ್ದ.

"ಸಾರು ಹೇಗಿದೆಯಪ್ಪ?"

"ಇದೇನ್ ಅಮೃತ್ವಾ ಸೋಮಿ? ಹೊಟ್ಟೆಗೋಯ್ತದೆ, ಅಷ್ಟೆ. ಸಾರು ಅಂದ್ರೆ ಎದುರ್ಗಡೇದು. ಅದ್ರ ಘಮಕ್ಕೆ ನಮ್ ಕುರಿಗ್ಳೂ ತಲೆ ಎತ್ತೋವು."

"ಮತ್ತೆ ಅಲ್ಲಿಗೇಕೆ ಹೋಗಲಿಲ್ಲ?"

"ಹೋಗಿ ಸಾಕಾಗೈತೆ ಬುಡಿ. ಈಗೀಗ ಒಂದಿನ ಬಾಯಿಗಿಕ್ಕಿದ್ರೆ ಸಮುದ್ರ, ಇನ್ನೊಂದಿನ ಕಲಗಚ್ಚು. ಕೇಳುದ್ರೆ, 'ನೈವೇದ್ಯ ಆಗಿರೋದು, ಹೆಸ್ರಿಡಬ್ಯಾಡ' ಅಂತಾನೆ ಬಡಿಸೋನು. ದ್ಯಾವ್ರು ಹೆಂಗೋ ಉಂಡ್ಕತಾನೆ, ನಮ್ಗೆ ಉಪ್ಪು ಬ್ಯಾಡ್ವಾ?"

ದೇವರಿಗೆ ನಿವೇದಿಸುವ ಮುನ್ನ ಪಾಕವನ್ನು ಸವಿಯಲಾಗದೆಂಬುದು ಸಂಜೀವಯ್ಯ ಒಂದು ದಿನವೂ ತಪ್ಪದೆ ಪಾಲಿಸಿದ ವ್ರತ. ಕುದಿಯುವ ಸಾರಿನ ಕಂಪಿನಿಂದಲೇ ಅವನು ಉಪ್ಪನ್ನು ಅಳೆಯುತ್ತಿದ್ದ. ಕಂಪು ಹೋದ ಮೇಲೆ ಕೈಯನ್ನು ನಂಬಿದ್ದ. ಆ ಕೈಯೂ ಸುಳ್ಳಾಡೀತೆಂದು ಎಣಿಸಿರಲಿಲ್ಲ. ತನ್ನ ದೇವರು ಇಷ್ಟು ತಿಂಗಳು ಏನನ್ನು ಉಂಡನೋ!

ಎಲೆ ಮಡಿಸಿ ಬಂದವನನ್ನು ಶಂಕರಲಿಂಗಪ್ಪ ಗಲ್ಲಾದಿಂದಲೇ ಕೇಳಿದ: "ಏನು ಹಾಕುತ್ತಾರೆ?"

'ಬೆಲ್ಲ ಸುರಿಯುತ್ತಾರೆ' ಎಂಬ ಸುಳ್ಳು ನಾಲಿಗೆಯ ತುದಿಗೆ ಬಂತು. ಅದಕ್ಕೂ ರುಚಿಯಿರಲಿಲ್ಲ.

ಸಂಜೀವಯ್ಯ ಒಳಗೆ ಹೋಗಿ ಸೌಟನ್ನು ತಂದು ಗಲ್ಲಾದ ಮೇಲಿಟ್ಟ.

"ಹೆಚ್ಚಿನದೇನೂ ಹಾಕುವುದಿಲ್ಲ ಸ್ವಾಮಿ. ಅಲ್ಲಿಯ ಅಡಿಗೆಯವನಿಗೆ ನಾಲಿಗೆಯಿದೆ."