ತಡೆಹಿಡಿದ ಕಂತು

"ಕೆಲಸ ಮುಗಿದು ತಿಂಗಳಾಯ್ತಮ್ಮಾ. ಕೊನೇ ಕಂತು ಕೊಟ್ಟುಬಿಡಿ. ಟೈಲ್ಸ್ ಹಾಕಿದೋರು ದಿನಾ ನನ್ನ ಮನೆ ಬಾಗಿಲಲ್ಲಿ ಕೂತಿರ್ತಾರೆ," ಎಂದ ಕಂಟ್ರಾಕ್ಟರ್.

ಅಕ್ಕ ಕಿಟಕಿಯಾಚೆ ನೋಡಿದಳು. ಪಕ್ಕದ ಸೈಟಿನಲ್ಲೇ ತಂಗಿಯ ಹೊಸ ಮನೆ. ಅದನ್ನು ಕಟ್ಟಿದವನೂ ಇವನೇ. ಇಲ್ಲಿಗೆ ಬಂದ ನೆಂಟರೆಲ್ಲ ಅಲ್ಲಿನ ಮರದ ಮೆಟ್ಟಿಲನ್ನು ಹೊಗಳಿ ಹೋಗುತ್ತಿದ್ದರು.

"ಅಲ್ಲಿ ಮನಸ್ಸಿಟ್ಟು ಕೆಲಸ ಮಾಡಿದೀರಿ. ಇಲ್ಲಿ ಕಾಟಾಚಾರಕ್ಕೆ."

"ಮರ ಬೇಡ, ಸಿಮೆಂಟಿನ ಮೆಟ್ಟಿಲೇ ಸಾಕು ಅಂದೋರು ನೀವೇ ಅಲ್ವಾ?"

"ಕೆಲಸ ಸರಿಯಾಗಿಲ್ಲ, ದುಡ್ಡು ಕೊಡಲ್ಲ. ಏನ್ ಮಾಡ್ಕೋತೀರೋ ಮಾಡ್ಕೊಳ್ಳಿ!" ಅಕ್ಕ ಬಾಗಿಲು ಹಾಕಿಕೊಂಡಳು.

ಹಾಗೆಂದಳೇ ಹೊರತು ಒಳಗೆ ಅಳುಕಿತ್ತು. ವಕೀಲರ ಬಳಿ ಹೋದಳು. ಅವರು ಕರಾರು ಪತ್ರ ಓದಿ ಕನ್ನಡಕ ತೆಗೆದರು.

"ಹಣ ತಡೆಹಿಡಿಯೋ ಹಕ್ಕು ಇದರಲ್ಲಿ ನಿಮಗಿದೆ. ಆದರೆ ಯಾವ ಕೆಲಸ ಕೆಟ್ಟಿದೆ ಅಂತ ಬರೆದು ಕೊಡಬೇಕು, ಸರಿಮಾಡೋಕೆ ಅವಕಾಶಾನೂ ಕೊಡಬೇಕು. ಸುಮ್ಮನೆ ಹಿಡಿದಿಟ್ಟರೆ ಬಡ್ಡಿ ಸೇರಿಸಿ ಕಟ್ಟಬೇಕಾಗುತ್ತೆ. ಏನು ಕೆಟ್ಟಿದೆ, ಹೇಳಿ?"

"ನೋಡಿಕೊಂಡು ಬಂದು ಹೇಳ್ತೀನಿ," ಎಂದು ಅಕ್ಕ ಎದ್ದಳು.

ಮನೆಗೆ ಬಂದು ನಲ್ಲಿಗಳನ್ನೆಲ್ಲ ತಿರುಗಿಸಿದಳು. ಬಾಗಿಲುಗಳನ್ನು ತೆರೆದು ಹಾಕಿದಳು, ಒಂದೂ ಕಿರ್ರೆನ್ನಲಿಲ್ಲ. ಬಚ್ಚಲಿಗೆ ಬಕೆಟ್‌ಗಟ್ಟಲೆ ನೀರು ಸುರಿದಳು; ಹಾಳಾದ್ದು, ಎಲ್ಲವೂ ಸರಾಗವಾಗಿ ಹರಿದುಹೋಯಿತು. ಅಡುಗೆಮನೆಯಲ್ಲಿ ಮೊಣಕಾಲೂರಿ ನೆಲ ತಟ್ಟಿ ನೋಡುತ್ತಿದ್ದಾಗ ತಂಗಿ ಬಂದಳು.

"ಏನಕ್ಕಾ ಹುಡುಕ್ತಿದೀಯಾ?"

"ಏನಿಲ್ಲ, ಓಲೆ ಬಿದ್ದುಹೋಯ್ತು."

ತಂಗಿ ಬಾಗಿಲಲ್ಲೇ ನಿಂತುಬಿಟ್ಟಳು. ಒಲೆಯಿಂದ ಕಪಾಟಿನವರೆಗೂ ಬಿಸಿಲು ಚೆಲ್ಲಿತ್ತು. "ನನ್ನ ಅಡುಗೆಮನೇಲಿ ಹಗಲು ಹೊತ್ತೂ ದೀಪ ಹಾಕಬೇಕು. ನಿನಗೆ ಮಾತ್ರ ಹೀಗೆ ಕಟ್ಟಿಕೊಟ್ಟಿದಾನೆ. ಇಲ್ಲಿ ಬಂದು ನಿಂತಾಗೆಲ್ಲ ಹೊಟ್ಟೆ ಉರಿಯುತ್ತಕ್ಕಾ. ಅದಕ್ಕೇ ಅವನ ಕೊನೇ ಕಂತು ನಾನು ಕೊಟ್ಟೇ ಇಲ್ಲ."

ಅಕ್ಕ ಕೈ ಕೊಡವಿಕೊಂಡು ಎದ್ದಳು. ಗೃಹಪ್ರವೇಶವಾದ ಮೇಲೆ ಮೊದಲ ಸಲ ಅವಳ ಮುಖ ಅರಳಿತು.

ಮರುದಿನ ಕಂಟ್ರಾಕ್ಟರನ್ನು ಕರೆಸಿ ಬಾಕಿಯನ್ನೆಲ್ಲ ಕೊಟ್ಟಳು. ಅವನಿಗೆ ನಂಬಲಾಗಲಿಲ್ಲ. "ದೊಡ್ಡ ಉಪಕಾರ ಆಯ್ತಮ್ಮಾ. ಹಾಗೇ ತಂಗಿಯವರಿಗೂ ಒಂದು ಮಾತು ಹೇಳಿಬಿಡಿ. ನೀವು ಹೇಳಿದ್ರೆ ಕೇಳ್ತಾರೆ."

"ಅಯ್ಯೋ, ಅವಳ ಮನೆ ವಿಷಯಕ್ಕೆ ನಾನ್ಯಾಕೆ ತಲೆ ಹಾಕಲಿ?" ಎಂದಳು ಅಕ್ಕ. ಆಮೇಲೆ ದನಿ ತಗ್ಗಿಸಿ ಕೇಳಿದಳು: "ಅದಿರಲಿ, ನಮ್ಮ ಅಡುಗೆಮನೆ ಕಿಟಕಿ ಇನ್ನೂ ದೊಡ್ಡದು ಮಾಡೋಕೆ ಎಷ್ಟು ತಗೋತೀರಿ?"